ಗೆರೆ ಮುಟ್ಟಿದ ರಕ್ತ

ಗೆರೆಯಕ್ಕನಿಗೆ ಹೊಲಸೆಂದರೆ ಹೇಸಿಗೆಯಿರಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು ಅದಕ್ಕೆಲ್ಲ ಹೇಸಿದರೆ ಹೊಟ್ಟೆ ತುಂಬುವುದು ಹೇಗೆ? ಡಬ್ಬಿಯಲ್ಲಿ ಬಂದ ಮಲವನ್ನು ಕಡ್ಡಿಯಿಂದ ಕದಡಿ ಗಾಜಿನ ಮೇಲೆ ಸವರುತ್ತಿದ್ದಳು. ಯಾರದೋ ಎದೆಯಿಂದ ಕಿತ್ತುಬಂದ ಹಸಿರು ಕಫವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಆಮೇಲೆ ಕೈ ತೊಳೆದು, ಹಿಂದಿನ ಮೆಟ್ಟಿಲ ಮೇಲೆ ಕೂತು, ಡಬ್ಬಿ ಬಿಚ್ಚಿ ನೆಮ್ಮದಿಯಾಗಿ ಉಣ್ಣುತ್ತಿದ್ದಳು. ಕೀವು ಕೀವೇ, ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ ಎನ್ನುವುದು ಅವಳ ಮಾತು. ಅವಳ ಹೊಟ್ಟೆ ತೊಳಸುತ್ತಿದ್ದದ್ದು ಮನುಷ್ಯರನ್ನು ಕಂಡರೆ.

ಅದಕ್ಕೆ ಕಾರಣಗಳೂ ಇದ್ದವು ಅನ್ನಿ. ಹೊಸದಾಗಿ ಬಂದ ಡಾಕ್ಟರುಗಳು ರೋಗಿಯ ಮುಖ ನೋಡುವ ಮೊದಲೇ ಚೀಟಿಯ ಮೇಲಿನ ಖಾನೆಗಳಿಗೆಲ್ಲ ಗುರುತು ಹಾಕಿ ಕಳಿಸುತ್ತಿದ್ದರು. ಜ್ವರ ಬಂದವನಿಗೂ ಅದೇ ಚೀಟಿ, ಜಾರಿ ಬಿದ್ದವನಿಗೂ ಅದೇ ಚೀಟಿ. ರಿಪೋರ್ಟು ಬಂದ ಮೇಲಾದರೂ ಮಂಚದ ಹತ್ತಿರ ಹೋಗುತ್ತಾರಾ ಅಂದರೆ ಅದೂ ಇಲ್ಲ. ಕಾಗದದ ಮೇಲೆ ಯಾವುದು ದಪ್ಪಕ್ಷರದಲ್ಲಿ ಬಂದಿದೆಯೋ ಅದಕ್ಕೊಂದು ಔಷಧ. ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಒಮ್ಮೆ ಒಬ್ಬ ಗಂಡಸಿನ ಚೀಟಿಯಲ್ಲಿ ಬಸಿರಿನ ಪರೀಕ್ಷೆಗೂ ಗುರುತು ಬಿದ್ದಿತ್ತು. ಅದನ್ನು ಇಡೀ ಆಸ್ಪತ್ರೆ ಹೇಳಿಕೊಂಡು ನಕ್ಕಿತು. ಗೆರೆಯಕ್ಕ ಮಾತ್ರ ನಗಲಿಲ್ಲ. ಆ ಚೀಟಿಯನ್ನು ಎರಡು ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದ ಹಾಗೆ ಹಿಡಿದು, ಬರೆದವನ ಮೇಜಿನ ಮೇಲೇ ಇಟ್ಟು ಬಂದಳು.

ಗೆರೆಯಕ್ಕ ಅನ್ನುವುದು ವಾರ್ಡಿನವರು ಇಟ್ಟ ಹೆಸರು. ರಕ್ತ ತುಂಬಿಸುವ ಟ್ಯೂಬಿನ ಮೇಲೆ ಇಷ್ಟರವರೆಗೆ ಎಂದು ಒಂದು ಗೆರೆ ಇರುತ್ತದೆ. ರಕ್ತ ಆ ಗೆರೆ ಮುಟ್ಟದಿದ್ದರೆ ಅವಳು ಟ್ಯೂಬನ್ನು ಮುಟ್ಟುತ್ತಿರಲಿಲ್ಲ. ಲ್ಯಾಬಿನ ಕಿಟಕಿಯ ಗಾಜಿಗೆ ತನ್ನದೇ ದುಂಡು ಅಕ್ಷರದಲ್ಲಿ ಬರೆದು ಅಂಟಿಸಿದ್ದಳು: 'ಗೆರೆ ಮುಟ್ಟದ ಟ್ಯೂಬು ವಾಪಸ್. ವಾದ ಬೇಡ.' ಅಂಟಿಸಿ ಐದು ವರ್ಷವಾಗಿತ್ತು. ಬೆನ್ನ ಹಿಂದೆ ಕರೆಯುವ ಹೆಸರು ಕಿವಿಗೆ ಬಿದ್ದಾಗ ಅವಳಿಗೆ ಕೋಪ ಬಂದಿರಲಿಲ್ಲ, ಒಳಗೊಳಗೇ ಹಿಗ್ಗಿದ್ದಳು. ಈ ಕೊಳಕು ಕಟ್ಟಡದಲ್ಲಿ ಗೆರೆ ಅಂತ ಒಂದನ್ನು ಇಟ್ಟುಕೊಂಡವಳು ತಾನೊಬ್ಬಳಾದರೂ ಇದ್ದೇನಲ್ಲ ಎಂದುಕೊಂಡಿದ್ದಳು.

ಆ ದಿನ ಬೆಳಗ್ಗೆ ಒಂಬತ್ತಕ್ಕೆ ಹೆಂಗಸರ ವಾರ್ಡಿನ ಆಯಾ ಒಂದು ಪ್ಲಾಸ್ಟಿಕ್ ಚೀಲವನ್ನು ಕಿಟಕಿಯಲ್ಲಿ ಇಟ್ಟಳು. ಒಳಗೆ ಎರಡು ಟ್ಯೂಬು. ನೇರಳೆ ಮುಚ್ಚಳದ್ದು ರಕ್ತಕಣ ಎಣಿಸಲಿಕ್ಕೆ. ಕೆಂಪು ಮುಚ್ಚಳದ್ದು ಸಕ್ಕರೆ, ಕಿಡ್ನಿ, ರಕ್ತದಲ್ಲಿನ ಲವಣಗಳು ಇವನ್ನೆಲ್ಲ ನೋಡಲಿಕ್ಕೆ. ನೇರಳೆಯದರಲ್ಲಿ ರಕ್ತ ಗೆರೆ ದಾಟಿ ಮೇಲಕ್ಕೆ ಬಂದಿತ್ತು. ಕೆಂಪಿನದರಲ್ಲಿ ಗೆರೆಗೆ ಒಂದು ಬೆರಳು ಕಡಿಮೆಯಿತ್ತು.

"ಇದೇನಿದು?"

"ತುಂಬ ಹುಷಾರಿಲ್ಲ ಅಕ್ಕಾ ಅವರಿಗೆ. ಆರು ದಿನದಿಂದ ವಾಂತಿ ಭೇದಿಯಂತೆ. ನರಾನೇ ಸಿಕ್ತಿಲ್ಲ. ಸಿಸ್ಟರ್ ಮೂರು ಕಡೆ ಚುಚ್ಚಿ ಇಷ್ಟು ತೆಗ್ದಿದಾರೆ."

"ಒಂದರಲ್ಲಿ ಉಕ್ಕಿ ಹರೀತಿದೆ, ಇನ್ನೊಂದರಲ್ಲಿ ಬರಗಾಲ. ನಿಮ್ಮ ಸಿಸ್ಟರಿಗೆ ಓದಕ್ಕೆ ಬರುತ್ತೆ ತಾನೆ? ಇಲ್ಲಿ ಏನು ಬರೆದಿದೆ ಅಂತ ಹೋಗಿ ಹೇಳು."

"ಪಾಪ, ಮತ್ತೆ ಚುಚ್ಚಬೇಕಾಗುತ್ತೆ."

"ಚುಚ್ಚಲಿ. ಕೆಲಸ ಕಲಿಯೋದು ಹಾಗೇನೇ."

ಚೀಲವನ್ನು ಎರಡೂ ಟ್ಯೂಬಿನ ಸಮೇತ ಹೊರಕ್ಕೆ ತಳ್ಳಿ ಕಿಟಕಿ ಮುಚ್ಚಿದಳು. ಚೀಲದೊಳಗೆ ಒಂದು ಸರಿಯಿಲ್ಲದಿದ್ದರೆ ಪೂರ್ತಿ ಚೀಲ ವಾಪಸ್, ಅದೂ ಅವಳದೇ ಕಾನೂನು. ಆರು ದಿನದ ವಾಂತಿ ಭೇದಿ ಎಂಬ ಮಾತು ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಬಂತು. ವಾರ್ಡಿನವರ ಸಬೂಬು ಕೇಳುತ್ತ ಕೂತರೆ ದಿನ ಮುಗಿಯುವುದಿಲ್ಲ.

ಮುಕ್ಕಾಲು ಗಂಟೆಯಲ್ಲಿ ಚೀಲ ತಿರುಗಿ ಬಂತು. ಈ ಸಲ ಎರಡೂ ಟ್ಯೂಬು ಗೆರೆಯ ಮಟ್ಟಕ್ಕೆ ನಿಂತಿದ್ದವು, ಅಳೆದು ಸುರಿದ ಹಾಗೆ.

"ನೋಡು, ಬೈದ್ರೆ ಎಲ್ಲಾ ಬರುತ್ತೆ," ಅಂದಳು ಗೆರೆಯಕ್ಕ. ಆಯಾ ತಿರುಗಿ ನಡೆದಳು.

ಕೆಂಪು ಟ್ಯೂಬಿನಲ್ಲಿ ಹೆಪ್ಪು ಸರಿಯಾಗಿ ಕಟ್ಟಿರಲಿಲ್ಲ. ಅರ್ಧ ಗಟ್ಟಿ, ಅರ್ಧ ಲೋಳೆ. ಗೆರೆಯಕ್ಕ ಅದನ್ನು ಓರೆ ಮಾಡಿ ನೋಡಿದಳು. ಬೇರೆ ದಿನವಾಗಿದ್ದರೆ ಯಾಕೆ ಹೀಗೆ ಎಂದು ಒಂದು ಗಳಿಗೆ ನಿಲ್ಲುತ್ತಿದ್ದಳೇನೋ. ಗೆರೆ ಅಷ್ಟು ಚೆನ್ನಾಗಿ ಮುಟ್ಟಿತ್ತಲ್ಲ, ಕಣ್ಣು ಅಲ್ಲೇ ತಣಿಯಿತು. ಟ್ಯೂಬನ್ನು ಗಿರಗಿರ ತಿರುಗಿಸುವ ಯಂತ್ರಕ್ಕೆ ಹಾಕಿ, ಮೇಲೆ ತೇಲಿದ ತಿಳಿಯನ್ನು ದೊಡ್ಡ ಯಂತ್ರಕ್ಕೆ ಕೊಟ್ಟಳು.

ಆ ದೊಡ್ಡ ಯಂತ್ರ ಉಳಿದವಕ್ಕಿಂತ ಮೊದಲು ಪೊಟ್ಯಾಸಿಯಂ ಹೇಳುತ್ತದೆ, ಮಿಕ್ಕಿದ್ದಕ್ಕೆ ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಪರದೆಯ ಮೇಲೆ ಕೆಂಪಕ್ಷರದಲ್ಲಿ ಏಳು ಪಾಯಿಂಟ್ ನಾಲ್ಕು ಎಂದು ಬಂತು. ಮೂರೂವರೆಗೆ ಮೇಲೆ, ಐದರೊಳಗೆ ಇರಬೇಕಾದದ್ದು. ಅಷ್ಟು ಏರಿದರೆ ಹೃದಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು. ಅಂಥ ಅಂಕಿ ಬಂದರೆ ಐದು ನಿಮಿಷದೊಳಗೆ ವಾರ್ಡಿಗೆ ಫೋನು ಮಾಡಬೇಕು, ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಬೇಕು ಎಂದು ನಿಯಮವಿತ್ತು. ಗೆರೆಯಕ್ಕ ಎರಡೇ ನಿಮಿಷದಲ್ಲಿ ಮಾಡಿದಳು. ಡ್ಯೂಟಿ ಡಾಕ್ಟರೇ ಎತ್ತಿಕೊಂಡ.

"ಹನ್ನೊಂದನೇ ಬೆಡ್ಡು. ಪೊಟ್ಯಾಸಿಯಂ ಏಳು ಪಾಯಿಂಟ್ ನಾಲ್ಕು."

"ಹನ್ನೊಂದು. ಏಳು ಪಾಯಿಂಟ್ ನಾಲ್ಕು. ಈಗ್ಲೇ ಶುರು ಮಾಡ್ತೀವಿ."

ಸಮಯವನ್ನು ಪುಸ್ತಕದಲ್ಲಿ ಬರೆದು, ಪೆನ್ನಿನ ಮುಚ್ಚಳ ಹಾಕಿ, ಒಂದು ಲೋಟ ನೀರು ಕುಡಿದಳು. ಒಂದು ಜೀವ ಉಳಿಸಿದೆ ಅನ್ನುವ ತೃಪ್ತಿ ಗಂಟಲಲ್ಲಿ ತಂಪಾಗಿ ಇಳಿಯಿತು.

ಲೋಟ ತೊಳೆದಿಟ್ಟು ಬೇರೆ ಎರಡು ಚೀಲ ನೋಡುವಷ್ಟರಲ್ಲಿ ಮಿಕ್ಕ ಅಂಕಿಗಳು ಬಂದವು. ಕಿಡ್ನಿಯದು ಸ್ವಲ್ಪ ಮಾತ್ರ ಹೆಚ್ಚು. ಕ್ಯಾಲ್ಸಿಯಂ ಎರಡು ಪಾಯಿಂಟ್ ಐದು.

ಕ್ಯಾಲ್ಸಿಯಂ ಒಂಬತ್ತರ ಆಸುಪಾಸು ಇರಬೇಕು. ಎರಡೂವರೆ ಎಂದರೆ ಆ ಹೆಂಗಸಿನ ಕೈಬೆರಳು ಕೊಕ್ಕೆಯ ಹಾಗೆ ಸೆಟೆದು, ಮೈಯೆಲ್ಲ ಅದುರಿ, ಫಿಟ್ಸ್ ಬಂದು ವಾರ್ಡೆಲ್ಲ ಕೂಗಾಡಬೇಕಿತ್ತು. ಪೊಟ್ಯಾಸಿಯಂ ಇಷ್ಟು ಮೇಲೆ, ಕ್ಯಾಲ್ಸಿಯಂ ಇಷ್ಟು ಕೆಳಗೆ, ಎರಡೂ ಒಟ್ಟಿಗೆ. ಗೆರೆಯಕ್ಕ ಪರದೆಗೆ ಮುಖ ತಂದು ಇನ್ನೊಮ್ಮೆ ಓದಿದಳು. ಈ ಜೋಡಿ ಯಾವ ಕಾಯಿಲೆಯದೂ ಅಲ್ಲ, ನೇರಳೆ ಮುಚ್ಚಳದ್ದು ಎಂದು ಅವಳಿಗೆ ಗೊತ್ತಿತ್ತು.

ನೇರಳೆ ಟ್ಯೂಬಿನ ತಳದಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಮೊದಲೇ ಒಂದು ಪುಡಿ ಲೇಪಿಸಿರುತ್ತಾರೆ. ಆ ಪುಡಿಯಲ್ಲಿ ಇರುವುದೇ ಪೊಟ್ಯಾಸಿಯಂ, ಅದು ಹಿಡಿದು ನುಂಗುವುದೇ ಕ್ಯಾಲ್ಸಿಯಂ. ಆ ರಕ್ತ ಒಂಚೂರು ಕೆಂಪು ಟ್ಯೂಬಿಗೆ ಬಿದ್ದರೂ ಲೆಕ್ಕವೆಲ್ಲ ತಲೆಕೆಳಗು. ಲೋಳೆಯಾದ ಹೆಪ್ಪು ಈಗ ನೆನಪಾಯಿತು. ಬೆಳಗ್ಗೆ ಉಕ್ಕಿದ್ದ ನೇರಳೆ ಟ್ಯೂಬು ಎರಡನೇ ಸಲ ಗೆರೆಗೆ ಇಳಿದಿದ್ದೂ ನೆನಪಾಯಿತು. ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಬಗ್ಗಿಸುವ ಹಾಗೆ ಬಗ್ಗಿಸಿದ್ದಾರೆ.

"ಥೂ," ಅಂದಳು, ಖಾಲಿ ಕೋಣೆಗೆ.

ಆಯಾ ಹೇಳಿದ್ದ ಮಾತು ಆಗ ತಿರುಗಿ ಬಂತು. ಆರು ದಿನದ ವಾಂತಿ ಭೇದಿ. ಅಷ್ಟು ದಿನ ಮೇಲೂ ಕೆಳಗೂ ಹೋದವಳ ಮೈಯಲ್ಲಿ ಪೊಟ್ಯಾಸಿಯಂ ಏರಿರುವುದಕ್ಕಿಂತ ಬತ್ತಿರುವುದೇ ಹೆಚ್ಚು. ಅಂಥವಳಿಗೆ ಮೇಲೆ ಕೂತ ಡಾಕ್ಟರು ಈಗ ಪೊಟ್ಯಾಸಿಯಂ ಇಳಿಸುವ ಔಷಧ ಏರಿಸುತ್ತಿದ್ದಾನೆ. ಫೋನು ಹಚ್ಚಿದಳು. ಎಂಗೇಜು. ಮತ್ತೆ ಹಚ್ಚಿದಳು. ಎಂಗೇಜು. ರಿಸೀವರನ್ನು ಹಾಗೇ ತೂಗಲು ಬಿಟ್ಟು ಓಡಿದಳು. ಲ್ಯಾಬಿನವರು ವಾರ್ಡಿಗೆ ಹೋಗುವ ಪದ್ಧತಿಯಿರಲಿಲ್ಲ, ಮೆಟ್ಟಿಲು ಹತ್ತುವಾಗ ಎದುರಾದವರು ಗೋಡೆಗೆ ಸರಿದು ಅವಳನ್ನೇ ನೋಡಿದರು.

ವಾರ್ಡಿನ ಬಾಗಿಲಲ್ಲಿ ನೆಲ ಒರೆಸುವ ಬಟ್ಟೆ ಬಕೆಟ್ಟಿನೊಳಗೇ ಕೊಳೆಯುತ್ತಿತ್ತು. ಒಳಗೆ ಫಿನಾಯಿಲಿನ ಅಡಿಯಲ್ಲಿ ವಾಂತಿಯ ಹುಳಿ ವಾಸನೆ. ಗೆರೆಯಕ್ಕನಿಗೆ ಆ ವಾಸನೆ ಏನೂ ಮಾಡಲಿಲ್ಲ. ಕಣ್ಣಿಗೆ ಬಿದ್ದದ್ದು ಮೇಜು. ಹನ್ನೊಂದನೇ ಮಂಚದಿಂದ ಆರು ಹೆಜ್ಜೆ ದೂರದಲ್ಲಿ ಡ್ಯೂಟಿ ಡಾಕ್ಟರು ಕಂಪ್ಯೂಟರಿನ ಎದುರು ಬೆನ್ನು ತಿರುಗಿಸಿ ಕೂತಿದ್ದ. ರೋಗಿಯ ಫೈಲಿನ ಮೇಲೆ ಅವನ ಟೀ ಲೋಟ ಕೂತಿತ್ತು.

ಮಂಚದ ಮೇಲೆ ನಲವತ್ತರ ಹೆಂಗಸು. ಕಣ್ಣು ಗುಳಿ ಬಿದ್ದು, ತುಟಿ ಬಿರಿದು, ಕೈಕಾಲು ಯಾರೋ ತಂದು ಇಟ್ಟುಹೋದ ಸಾಮಾನಿನ ಹಾಗೆ ಬಿದ್ದಿದ್ದವು. ತಲೆಯ ಮೇಲೆ ಗ್ಲೂಕೋಸಿನ ಬಾಟಲಿ, ಅದರ ಮೇಲೆ ಕೆಂಪು ಪೆನ್ನಿನಲ್ಲಿ ಇನ್ಸುಲಿನ್ ಎಂದು ಬರೆದಿತ್ತು, ಪೊಟ್ಯಾಸಿಯಂ ಇಳಿಸಲಿಕ್ಕೆ ಬೆರೆಸುವುದು ಅದನ್ನೇ. ಕಾಲು ಭಾಗ ಆಗಲೇ ಒಳಗೆ ಹೋಗಿತ್ತು. ಪಕ್ಕದ ಸ್ಟೂಲಿನಲ್ಲಿ ಕೂತ ಹಿರಿಯ ಹೆಂಗಸು, ನೋಡಿದರೆ ಅಕ್ಕತಂಗಿಯರೆಂದು ತಿಳಿಯುವಂತಿತ್ತು, ಗೆರೆಯಕ್ಕನ ಬಿಳಿ ಕೋಟು ಕಂಡದ್ದೇ ಸೆರಗಿನಲ್ಲಿ ಮೂಗೊರೆಸಿಕೊಂಡು ಎದ್ದಳು.

"ನೀವಾದ್ರೂ ಕೇಳಿ ತಾಯಿ. ನನ್ನ ತಂಗಿ ಇವಳು. ದಿನಕ್ಕೆ ಹತ್ತು ಗಂಟೆ ಹೊಲಿಗೆ ಮಿಷನ್ ತುಳಿದ ಕಾಲು ಇದು. ಮೊನ್ನೆಯಿಂದ ಪೆಡಲ್ ಒತ್ತಕ್ಕಾಗ್ತಿಲ್ಲ ಅಂದ್ಲು, ನಿನ್ನೆ ಮಂಚದಿಂದ ಇಳಿಯಕ್ಕಾಗ್ಲಿಲ್ಲ. ಹೇಳಕ್ಕೆ ಹೋದ್ರೆ ರಿಪೋರ್ಟ್ ಬರ್ಲಿ ರಿಪೋರ್ಟ್ ಬರ್ಲಿ ಅಂದ್ರು. ಈಗ ರಿಪೋರ್ಟ್ ಬಂತಂತೆ, ಈ ಬಾಟ್ಲಿ ಹಾಕಿದ್ರು. ಇದು ಶುರುವಾದ್ಮೇಲೆ ತಲೆ ಎತ್ತಕ್ಕೂ ಆಗ್ತಿಲ್ಲ ಇವಳಿಗೆ."

ಗೆರೆಯಕ್ಕ ಕೈ ಚಾಚಿ ಬಾಟಲಿಯ ಕೊಳವೆಯ ಗಾಲಿಯನ್ನು ತಿರುಗಿಸಿ ಬಿಗಿ ಮಾಡಿದಳು. ಹನಿ ನಿಂತಿತು.

"ಏಯ್, ಏನ್ ಮಾಡ್ತಿದೀರಾ?" ಡಾಕ್ಟರು ಎದ್ದು ಬಂದ. ಮೀಸೆ ಇನ್ನೂ ಸರಿಯಾಗಿ ಬಲಿಯದ ಮುಖ.

"ಆ ರಿಪೋರ್ಟು ತಪ್ಪು. ರಕ್ತ ಕಲಬೆರಕೆ ಆಗಿದೆ. ಇದನ್ನ ನಿಲ್ಲಿಸಿ ಡಾಕ್ಟ್ರೇ."

"ಇಪ್ಪತ್ತು ನಿಮಿಷದ ಹಿಂದೆ ಫೋನ್ ಮಾಡಿದ್ದು ನೀವೇ ಅಲ್ವಾ?"

"ನಾನೇ. ಆಗ ಕ್ಯಾಲ್ಸಿಯಂ ಬಂದಿರ್ಲಿಲ್ಲ. ಈಗ ಬಂದಿದೆ, ಎರಡೂವರೆ. ಬದುಕಿರೋರ ರಕ್ತದಲ್ಲಿ ಆ ಜೋಡಿ ಬರಲ್ಲ."

"ಲ್ಯಾಬಿನವರು ಟ್ರೀಟ್‌ಮೆಂಟ್ ಹೇಳ್ಕೊಡೋ ಕಾಲ ಬಂತಾ. ಮೈಯಲ್ಲಿ ನೀರು ಬತ್ತಿ ಕಿಡ್ನಿ ಕೆಟ್ರೆ ಪೊಟ್ಯಾಸಿಯಂ ಏರಲ್ವಾ? ಕಾಲಲ್ಲಿ ಶಕ್ತಿ ಹೋಗೋದು ಏರಿದ್ರೂ ಆಗುತ್ತೆ, ಇಳಿದ್ರೂ ಆಗುತ್ತೆ."

ಪುಸ್ತಕದ ಮಾತು, ತಪ್ಪೇನಿರಲಿಲ್ಲ. ಅದಕ್ಕೇ ಗೆರೆಯಕ್ಕನಿಗೆ ಇನ್ನಷ್ಟು ಮೈ ಉರಿಯಿತು. ಎರಡೂ ಆಗಬಹುದು ಎಂದು ಗೊತ್ತಿದ್ದವನು ಯಾವುದು ಆಗಿದೆ ಎಂದು ನೋಡಲು ಆರು ಹೆಜ್ಜೆ ಎದ್ದು ಬರಲಿಲ್ಲವಲ್ಲ.

"ಆಗುತ್ತೆ. ಹಾಗಿದ್ರೆ ಇಸಿಜಿ ನೋಡಿ ತಿಳ್ಕೊಂಡಿರ್ತೀರಿ."

ಡಾಕ್ಟರು ಮೇಜಿಗೆ ಹೋಗಿ, ಟೀ ಲೋಟ ಎತ್ತಿ, ಫೈಲಿನೊಳಗೆ ಮಡಚಿಟ್ಟ ಇಸಿಜಿ ಪಟ್ಟಿಯನ್ನು ಎಳೆದು ತೆಗೆದ. ಫೈಲು ದಾಟಿ ಅದರ ಮೇಲೂ ಟೀಯ ದುಂಡು ಕಲೆ ಬಿದ್ದಿತ್ತು. ಬೆಳಗ್ಗೆ ಎಂಟಕ್ಕೆ ತೆಗೆದದ್ದು, ಮಡಿಕೆ ಬಿಚ್ಚಿದ ಗುರುತೂ ಇರಲಿಲ್ಲ. ಪೊಟ್ಯಾಸಿಯಂ ಏಳು ದಾಟಿದ್ದರೆ ಅದರ ಅಲೆಗಳು ಗುಡಾರದ ಹಾಗೆ ಚೂಪಾಗಿ ಎದ್ದಿರಬೇಕಿತ್ತು. ಇಲ್ಲಿ ಅವು ನೆಲಕ್ಕೆ ಅಂಟಿ ಮಲಗಿದ್ದವು. ಅಷ್ಟು ಓದಲು ಗೆರೆಯಕ್ಕನಿಗೂ ಬರುತ್ತಿತ್ತು, ಅವನಿಗೂ ಬರುತ್ತಿತ್ತು. ಅವನ ಕಿವಿ ಕೆಂಪಾಯಿತು.

"ಮಿಷನ್ ಮೇಲ್ಗಡೆ ವಿಶೇಷ ಏನಿಲ್ಲ ಅಂತ ಪ್ರಿಂಟ್ ಮಾಡಿತ್ತು," ಅಂದ.

ಒಂದು ಯಂತ್ರ ಏನಿಲ್ಲ ಅಂದಿತು, ಇನ್ನೊಂದು ಯಂತ್ರ ಏಳು ಅಂದಿತು, ನಡುವೆ ಒಬ್ಬ ಹೆಂಗಸು ತಲೆಯೆತ್ತಲಾಗದೆ ಬಿದ್ದಿದ್ದಾಳೆ, ಅವಳ ಅಕ್ಕ ಬೆಳಗಿನಿಂದ ಕಾಯಿಲೆಯ ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಬಾಯಿಬಿಟ್ಟು ಹೇಳುತ್ತಿದ್ದಾಳೆ. ಹತ್ತು ಡಬ್ಬಿ ಮಲ ಮೂಸಿದರೂ ಬರದ ವಾಕರಿಕೆ ಆ ಟೀ ಕಲೆ ಕಂಡು ಬಂತು.

ನರ್ಸು ಮಂಚದ ಕಾಲ ಬಳಿ ನಿಂತಿದ್ದಳು. ಸಣ್ಣ ವಯಸ್ಸು. ಗೆರೆಯಕ್ಕ ಅವಳ ಕಡೆ ತಿರುಗಿದಳು.

"ಯಾವುದರಿಂದ ಸುರಿದೆ?"

ನರ್ಸು ನೆಲ ನೋಡಿದಳು. "ನೇರಳೆಯಿಂದ."

"ನೇರಳೆಯಿಂದ. ಕಾಲೇಜಲ್ಲಿ ಇದನ್ನೇ ಕಲಿಸಿದ್ರಾ? ಒಂದು ಜೀವದ ರಕ್ತ ಅದು, ಪಾತ್ರೆ ತೊಳೆದ ನೀರಲ್ಲ. ಅಸಹ್ಯ ಆಗಲ್ವಾ ನಿಂಗೆ?"

ಇಡೀ ವಾರ್ಡು ಕೇಳಿಸಿಕೊಂಡಿತು. ನರ್ಸಿನ ಬಾಯಿ ಏನೋ ಹೇಳಲು ತೆರೆದು ಮುಚ್ಚಿಕೊಂಡಿತು. ಗೆರೆಯಕ್ಕ ಅದನ್ನು ಕಂಡಳು, ಏನೆಂದು ಕೇಳುವ ಪುರಸೊತ್ತಿರಲಿಲ್ಲ. ಔಷಧ ಹೋಗುತ್ತಿದ್ದ ಕೈಯನ್ನು ಬಿಟ್ಟು ಇನ್ನೊಂದು ಕೈಯನ್ನು ಹಿಡಿದುಕೊಂಡಳು. ಬೆಳಗಿನ ಚುಚ್ಚುಗಳು ಅಲ್ಲಿ ನೀಲಿಗಟ್ಟಿದ್ದವು, ಮೂರಲ್ಲ, ಐದು. "ಇವರ ಅಂಗೈ ಉಜ್ಜಿ, ಬಿಸಿಯಾಗ್ಲಿ," ಎಂದು ಅಕ್ಕನಿಗೆ ಹೇಳಿದಳು. ಅಕ್ಕ ತನ್ನ ಎರಡೂ ಕೈಯಲ್ಲಿ ತಂಗಿಯ ಕೈಯನ್ನು ಉಜ್ಜಿದಳು, ಬಾಯಿಯಿಂದ ಉಸಿರು ಊದಿದಳು. ಮುಂಗೈಯ ಮೇಲೆ ದಾರದಷ್ಟು ತೆಳ್ಳಗೆ ಒಂದು ನರ ಎದ್ದಿತು. ಎಲ್ಲಕ್ಕಿಂತ ಸಣ್ಣ ಸೂಜಿ ಹಾಕಿದಳು. ರಕ್ತ ಹನಿ ಹನಿಯಾಗಿ ಬಂದು, ಟ್ಯೂಬಿನ ತಳ ಮುಚ್ಚುವಷ್ಟಾಗಿ, ನಿಂತುಹೋಯಿತು.

"ಮಿಷನ್ ಹೊಲಿಗೆ ಬಾಕಿಯಿದೆ," ಅಂದಳು ರೋಗಿ, ಯಾರಿಗೂ ಅಲ್ಲದಂತೆ. ದನಿ ಗಂಟಲಿನಿಂದ ಮೇಲೆ ಬರುತ್ತಿರಲಿಲ್ಲ.

"ಇರ್ಲಿ, ಹೊಲಿಯೋರಂತೆ," ಅಂದಳು ಗೆರೆಯಕ್ಕ. ಉಸಿರಾಟ ನೋಡಿಕೊಂಡಿರಿ, ಮಾನಿಟರ್ ಹಚ್ಚಿ ಎಂದು ಡಾಕ್ಟರಿಗೆ ಹೇಳಿ ಕೆಳಕ್ಕೆ ಓಡಿದಳು.

ಹೆಪ್ಪುಗಟ್ಟಲು ಬಿಟ್ಟ ಹೊತ್ತು ಯುಗವಾಯಿತು. ಈ ಸಲ ಹೆಪ್ಪು ಕಲ್ಲಿನಷ್ಟು ಗಟ್ಟಿಯಾಗಿ ಕೂತಿತು. ಟ್ಯೂಬನ್ನು ತಿರುಗಿಸಿ ತೆಗೆದಾಗ ಮೇಲೆ ನಿಂತ ತಿಳಿ ನಾಲ್ಕೈದು ಹನಿ ಅಷ್ಟೆ. ಅದನ್ನು ಪುಟ್ಟ ಬಟ್ಟಲಿಗೆ ಹಾಕಿ ಯಂತ್ರಕ್ಕೆ ಕೊಟ್ಟಳು. ಯಂತ್ರ ಕುಡಿಯಿತು. ಇನ್ನೂ ಬೇಕು ಅನ್ನಲಿಲ್ಲ.

ಎರಡು ಪಾಯಿಂಟ್ ಸೊನ್ನೆ.

ಫೋನು ಈಗ ತಕ್ಷಣ ಸಿಕ್ಕಿತು. "ಎರಡು ಪಾಯಿಂಟ್ ಸೊನ್ನೆ," ಎಂದು ಡಾಕ್ಟರು ತಿರುಗಿ ಹೇಳಿದ, ದನಿ ಸಣ್ಣದಾಗಿತ್ತು. ಬಾಟಲಿ ಪೂರ್ತಿ ಹೋಗಿದ್ದರೆ ಅಷ್ಟು ಪೊಟ್ಯಾಸಿಯಂ ಕೂಡ ಉಳಿಯುತ್ತಿರಲಿಲ್ಲ, ಮೊದಲು ಉಸಿರಾಟದ ಸ್ನಾಯು ಸೋಲುತ್ತಿತ್ತು, ಇಲ್ಲವೇ ಹೃದಯ ಲಯ ತಪ್ಪುತ್ತಿತ್ತು. ಇಬ್ಬರಿಗೂ ಅದು ಗೊತ್ತಿತ್ತು.

ರಿಸೀವರ್ ಇಟ್ಟು ಟ್ಯೂಬನ್ನು ಎಸೆಯಲು ಎತ್ತಿದಾಗ ಕೈ ಅಲ್ಲೇ ನಿಂತಿತು. ರಕ್ತ ತಳದಲ್ಲಿತ್ತು. ಗೆರೆ ಎಲ್ಲೋ ಮೇಲೆ, ಎರಡು ಬೆರಳು ದೂರದಲ್ಲಿತ್ತು. ನೇರಳೆ ಟ್ಯೂಬಿಗೆ ಗೆರೆ ಬೇಕು, ಪುಡಿಗೂ ರಕ್ತಕ್ಕೂ ಅಳತೆ ಸರಿಹೋಗಬೇಕು. ಕೆಂಪಿಗೆ ಯಾಕೆ ಬೇಕು? ಯಂತ್ರ ಕೇಳಿದ್ದು ನಾಲ್ಕು ಹನಿ. ಬೆಳಗ್ಗೆ ಮೊದಲು ಬಂದ ಟ್ಯೂಬಿನಲ್ಲಿ ಇದರ ಎರಡರಷ್ಟು, ಮೂರರಷ್ಟು ಇತ್ತು. ಇದು ಅವಳಿಗೆ ಗೊತ್ತಿಲ್ಲದ ವಿಷಯವಲ್ಲ, ಇಪ್ಪತ್ತೆರಡು ವರ್ಷದಿಂದ ಗೊತ್ತಿದ್ದದ್ದೇ. ಎರಡಕ್ಕೂ ಒಂದೇ ಕಾನೂನು ಮಾಡಿದರೆ ಬೈಯುವುದಕ್ಕೆ ಸುಲಭ ಎಂದು ಮಾಡಿಕೊಂಡಿದ್ದಳು.

ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಹುಡುಕಿದರು ಎಂಬ ಗಾದೆಯನ್ನು ಅವಳು ಜೀವಮಾನದಲ್ಲಿ ಎಷ್ಟು ಜನಕ್ಕೆ ಹೇಳಿದ್ದಳೋ. ಸಿಂಕಿನ ಹತ್ತಿರ ಹೋಗಿ ಕೈ ತೊಳೆದಳು. ಮತ್ತೆ ತೊಳೆದಳು.

ಮೇಲೆ ಪೊಟ್ಯಾಸಿಯಂ ಏರಿಸಲು ಶುರುಮಾಡಿದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ರೋಗಿ ಕಾಲ ಹೆಬ್ಬೆರಳು ಆಡಿಸಿದಳು, ಅದರ ಮರುದಿನ ಮಂಡಿ ಮಡಚಿದಳು. ಅವಳ ಅಕ್ಕ ಲ್ಯಾಬಿನ ಕಿಟಕಿಗೆ ಬಂದು, ಒಳಕ್ಕೆ ಕೈ ಹಾಕಿ, ಗೆರೆಯಕ್ಕನ ಕೈಯನ್ನು ಎಳೆದು ಕಣ್ಣಿಗೊತ್ತಿಕೊಂಡಳು. "ಹೋದ ಜೀವ ವಾಪಸ್ ತಂದ್ರಿ ತಾಯಿ. ನೀವು ಮೇಲೆ ಬರದೇ ಇದ್ದಿದ್ರೆ ನನ್ನ ತಂಗಿ ಇವತ್ತು ಇರ್ತಿರ್ಲಿಲ್ಲ." ಅವಳ ಕಣ್ಣಿನ ನೀರು ಬೆರಳಿಗೆ ಹತ್ತಿತು. ಗೆರೆಯಕ್ಕನಿಗೆ ಕೈ ಕಿತ್ತುಕೊಳ್ಳಬೇಕೆನಿಸಿತು. ಆ ಹೆಂಗಸಿನ ತಲೆಯ ಪಕ್ಕದಲ್ಲೇ, ಗಾಜಿನ ಮೇಲೆ, ದುಂಡು ಅಕ್ಷರದ ಬೋರ್ಡಿತ್ತು.

ಮೂರನೇ ದಿನ ಆಡಳಿತಾಧಿಕಾರಿ ಎಲ್ಲರನ್ನೂ ತನ್ನ ಕೋಣೆಗೆ ಕರೆಸಿದ. ಅವನಿಗೆ ಯಾವ ರೋಗವೂ ಕಾಗದದಲ್ಲಿ ಮುಗಿಯಬೇಕು. ಡಾಕ್ಟರು ಕಿಟಕಿಯ ಕಡೆ ನೋಡುತ್ತ ಕೂತಿದ್ದ, ನರ್ಸು ಗೋಡೆಗೆ ಒರಗದೆ ನಿಂತಿದ್ದಳು, ಅವಳಿಗೆ ಯಾರೂ ಕುರ್ಚಿ ಹೇಳಿರಲಿಲ್ಲ.

"ಮೊದ್ಲು ಇವರಿಗೆ ಅಭಿನಂದನೆ ಹೇಳ್ಬೇಕು," ಅಂದ ಅಧಿಕಾರಿ, ಗೆರೆಯಕ್ಕನ ಕಡೆ ಕೈ ತೋರಿಸಿ. "ಅನುಭವ ಅಂದ್ರೆ ಇದು. ಇನ್ನು ಈ ಫಾರ್ಮ್ ನೋಡಿ. ಡಾಕ್ಟರು ಬಂದ ರಿಪೋರ್ಟ್ ಪ್ರಕಾರ ಚಿಕಿತ್ಸೆ ಕೊಟ್ಟಿದಾರೆ, ಅವರದ್ದೇನೂ ಇಲ್ಲ. ಕಾರಣ ಒಂದೇ. ನೀವು ಇಲ್ಲಿ ಸಹಿ ಹಾಕಿದ್ರೆ ಮುಗೀತು."

ಫಾರ್ಮಿನಲ್ಲಿ ಕಾರಣ ಎಂಬಲ್ಲಿ ಮೊದಲೇ ಟೈಪಾಗಿತ್ತು: ನರ್ಸಿನ ಅಜಾಗರೂಕತೆ.

"ಯಾಕಮ್ಮ ಹಾಗೆ ಸುರಿದೆ?" ಅಧಿಕಾರಿ ಕೇಳಿದ, ಕೇಳಲೇಬೇಕಲ್ಲ ಎಂದು.

ಗೆರೆಯಕ್ಕನ ಉಸಿರು ನಿಂತಿತು. ಈಗ ಹೇಳುತ್ತಾಳೆ.

"ತಪ್ಪಾಯ್ತು ಸಾರ್," ಅಂದಳು ನರ್ಸು. ಅಷ್ಟೇ.

ನಿಂತ ಉಸಿರು ಗೆರೆಯಕ್ಕನ ಎದೆಯಿಂದ ಹಗುರವಾಗಿ ಹೊರಬಂತು. ಅಮ್ಮಯ್ಯ, ಬಚಾವಾದೆ. ಆ ಸಮಾಧಾನ ಎಷ್ಟು ಸಿಹಿಯಾಗಿತ್ತೆಂದರೆ, ಅದನ್ನು ಸವಿದದ್ದು ತಾನೇ ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ತಿಳಿದಾಗ ಬಾಯಿತುಂಬ ಹುಳಿನೀರು ಬಂತು. ಟ್ಯೂಬು, ಡಬ್ಬಿ, ಬಕೆಟ್ಟು, ಆ ಟೀ ಕಲೆ, ಇಪ್ಪತ್ತೆರಡು ವರ್ಷದಲ್ಲಿ ಕಂಡ ಯಾವ ಹೊಲಸೂ ಇದಕ್ಕೆ ಸಮವಿರಲಿಲ್ಲ.

"ಒಂದು ನಿಮಿಷ ಸಾರ್," ಎಂದು ಎದ್ದು, ನರ್ಸಿನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಬಂದಳು. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ.

"ಮೊದಲ ಟ್ಯೂಬನ್ನ ನಾನು ವಾಪಸ್ ಕಳಿಸಿದೆ ಅಂತ ಯಾಕೆ ಹೇಳ್ಲಿಲ್ಲ?"

ನರ್ಸು ಕೋಣೆಯ ಬಾಗಿಲ ಕಡೆ ನೋಡಿದಳು.

"ಅವತ್ತು ವಾರ್ಡಲ್ಲಿ ಹೇಳಕ್ಕೆ ಬಾಯಿ ತೆಗ್ದಿದ್ದೆ. ನಾನು ನೋಡ್ದೆ. ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಾಳೆಯಿಂದ ನಮ್ಮ ವಾರ್ಡಿನ ಟ್ಯೂಬೆಲ್ಲಾ ವಾಪಸ್ ಬರ್ತವೆ ಅಕ್ಕಾ," ಅಂದಳು ಹುಡುಗಿ. ಬೈಗುಳವಾಗಿ ಹೇಳಲಿಲ್ಲ, ಹೊರಗೆ ಬಿಸಿಲಿದೆ ಎಂದ ಹಾಗೆ ಹೇಳಿದಳು. "ಐದು ಸಲ ಚುಚ್ಚಿದ್ದೆ. ಆರನೇ ಸಲ ಅಂದಾಗ ಆ ಪೇಶೆಂಟು ಬೇಡ ಅಂತ ನನ್ನ ಕೈ ಹಿಡ್ಕೊಂಡ್ರು. ನಿಮ್ಮ ಹತ್ರ ಬಂದು ಕೇಳೋದಕ್ಕಿಂತ ಸುರಿಯೋದೇ ಸುಲಭ ಅನ್ನಿಸ್ತು. ಎಲ್ಲಾ ವಾರ್ಡಲ್ಲೂ ಹೀಗೇ ಮಾಡ್ತಾರೆ."

"ಎಲ್ಲಾ ವಾರ್ಡಲ್ಲೂ?"

"ಹೂಂ ಅಕ್ಕಾ. ಕೆಂಪಿಂದ ಕೆಂಪಿಗೆ, ಸಿಕ್ಕಿದ್ದರಿಂದ ಸಿಕ್ಕಿದ್ದಕ್ಕೆ. ಬೋರ್ಡ್ ಹಾಕಿದಾಗಿನಿಂದ."

ಐದು ವರ್ಷ. ಐದು ವರ್ಷದಲ್ಲಿ ಎಷ್ಟು ಟ್ಯೂಬು, ಎಷ್ಟು ಅಂಕಿ, ಎಷ್ಟು ಬಾಟಲಿ, ಅದರ ಕೆಳಗೆ ಎಷ್ಟು ಜನ. ಗೆರೆ ಮುಟ್ಟಿದ ರಕ್ತ ನೋಡಿ ಕಣ್ಣು ತಣಿದ ಬೆಳಗುಗಳನ್ನು ಗೆರೆಯಕ್ಕ ಎಣಿಸಲು ಹೋಗಲಿಲ್ಲ. ಎಣಿಸಿ ಮುಗಿಯುವಂಥದ್ದಾಗಿರಲಿಲ್ಲ ಅದು.

ಒಳಗೆ ಹೋಗಿ, ಟೈಪಾದ ಸಾಲನ್ನು ಹೊಡೆದುಹಾಕಿ, ಅದರ ಕೆಳಗೆ ದುಂಡು ಅಕ್ಷರದಲ್ಲಿ ಬರೆದಳು: ಪರೀಕ್ಷೆಗೆ ಬೇಕಾದಷ್ಟು ರಕ್ತವಿದ್ದ ಟ್ಯೂಬನ್ನು ಕಾರಣವಿಲ್ಲದೆ ವಾಪಸ್ ಕಳಿಸಿದವಳು ನಾನು. ರೋಗಿಯ ಕಾಯಿಲೆ ಏನೆಂದು ಆಯಾ ಹೇಳಿದಾಗ ಕೇಳಿಸಿಕೊಳ್ಳದವಳೂ ನಾನು. ಬರೆದು ಸಹಿ ಹಾಕಿದಳು.

ಅಧಿಕಾರಿ ಓದಿ ಹುಬ್ಬು ಗಂಟಿಕ್ಕಿದ. "ಇದೆಲ್ಲಾ ಯಾಕೆ ಬೇಕಿತ್ತು? ನಿಮ್ಮ ಹೆಸರು ಚೆನ್ನಾಗಿತ್ತಲ್ಲ." ಡಾಕ್ಟರು ಕಿಟಕಿಯಿಂದ ತಲೆ ತಿರುಗಿಸಲಿಲ್ಲ. ಇನ್ನೊಂದು ಖಾಲಿ ಫಾರ್ಮ್ ಇದೆ ಬೇಕಾದರೆ ಎಂದು ಅಧಿಕಾರಿ ಡ್ರಾಯರಿಗೆ ಕೈ ಹಾಕುವಾಗ ಗೆರೆಯಕ್ಕ ಹೊರಟುಬಂದಿದ್ದಳು.

ಲ್ಯಾಬಿನ ಕಿಟಕಿಯಲ್ಲಿ ಬೇರೊಂದು ವಾರ್ಡಿನ ಆಯಾ ಕಾಯುತ್ತಿದ್ದಳು. ಕೈಯಲ್ಲಿ ಕೆಂಪು ಮುಚ್ಚಳದ ಟ್ಯೂಬು. ಗೆರೆಯಕ್ಕ ಬರುವುದನ್ನು ಕಂಡದ್ದೇ ಅವಳು ಬೆರಳುಗಳನ್ನು ಟ್ಯೂಬಿನ ಸುತ್ತ ಸರಿಸಿ ರಕ್ತ ಎಲ್ಲಿಯವರೆಗಿದೆ ಎಂಬುದನ್ನು ಮುಚ್ಚಿಕೊಂಡಳು. ಕಳ್ಳರು ಮುಚ್ಚಿಕೊಳ್ಳುವ ಹಾಗೆ.

"ತೋರ್ಸು," ಅಂದಳು ಗೆರೆಯಕ್ಕ.

"ಒಂಚೂರು ಕಮ್ಮಿಯಿದೆ ಅಕ್ಕಾ. ತುಂಬಿಸ್ಕೊಂಡು ಬರ್ತೀನಿ, ಐದೇ ನಿಮಿಷ." ಆಯಾ ಆಗಲೇ ಹಿಂದಕ್ಕೆ ತಿರುಗಿದ್ದಳು.

"ನಿಲ್ಲು."

ಆಯಾ ನಿಂತಳು. ಮುಖದಲ್ಲಿ ಬೈಸಿಕೊಳ್ಳಲು ಸಿದ್ಧವಾದ ಹಳೆಯ ಸಹನೆಯಿತ್ತು. ಗೆರೆಯಕ್ಕ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಟ್ಯೂಬನ್ನು ತೆಗೆದುಕೊಂಡಳು. ಅರ್ಧಕ್ಕಿಂತ ಕಡಿಮೆಯಿತ್ತು.

"ಯಾರದ್ದು ಇದು? ಏನಾಗಿದೆ ಅವರಿಗೆ?" ಎಂದು ಕೇಳಿದಳು.

ಆಯಾಗೆ ಪ್ರಶ್ನೆ ಅರ್ಥವಾಗಲಿಲ್ಲ. ಇಷ್ಟು ವರ್ಷದಲ್ಲಿ ಆ ಕಿಟಕಿಯಿಂದ ಅದನ್ನು ಯಾರೂ ಅವಳನ್ನು ಕೇಳಿರಲಿಲ್ಲ.